ಮಾಟಕ್ಕೊಂದು ಒಳ್ಳೆಯ ಪುಸ್ತಕ ಬೇಕಾಗಿದೆ

ದಾವಣಗೆರೆಯಲ್ಲಿ ಮಾಟ ಮಾಡಿಸುವವರಿಗೆ ಯಾವ ತೊಂದರೆಯೂ ಇಲ್ಲ. ಬಸ್ ನಿಲ್ದಾಣದ ಶೌಚಾಲಯದ ಗೋಡೆಯಿಂದ ಹಿಡಿದು ವಿದ್ಯುತ್ ಕಂಬದವರೆಗೆ ಕೊಳ್ಳೇಗಾಲದ ಪಂಡಿತರೂ ಮಲಯಾಳ ಮಾಂತ್ರಿಕರೂ ಮೊಬೈಲ್ ಸಂಖ್ಯೆ ಸಮೇತ ಅಂಟಿಕೊಂಡಿದ್ದಾರೆ. ಅತ್ತೆ ಸೊಸೆಯರ ಜಗಳ, ವಿದೇಶದ ವೀಸಾ, ಶತ್ರುನಾಶ, ಎಲ್ಲಕ್ಕೂ ಇಪ್ಪತ್ನಾಲ್ಕು ಗಂಟೆಯೊಳಗೆ ಪರಿಹಾರ. ಚರಂಡಿ ಕಟ್ಟಿಕೊಂಡಿದೆ ಎಂದು ಕೊಟ್ಟ ಅರ್ಜಿಗೆ ಇಷ್ಟು ಬೇಗ ಉತ್ತರ ಬಂದದ್ದನ್ನು ಯಾರೂ ಕಂಡಿಲ್ಲ. ತೊಂದರೆಯೆಲ್ಲ ಮಾಟದ ಬಗ್ಗೆ ಓದಬೇಕು ಎನ್ನುವ ಅಡ್ಡಕಸುಬಿಗಳಿಗೆ.

ಅವರಿಗೆ ಸಿಗುವುದು ಪಾದಚಾರಿ ಮಾರ್ಗದ ಸಾಹಿತ್ಯ. ಹಳದಿ ರಟ್ಟು, ಅದರ ಮೇಲೆ ತಲೆಬುರುಡೆ, ಕೆಳಗೆ ‘ಅಸಲಿ, ಪ್ರಾಚೀನ, ಸಂಪೂರ್ಣ’. ಒಳಗಿರುವುದು ಶಿವನು ಪಾರ್ವತಿಗೆ ಏಕಾಂತದಲ್ಲಿ ಹೇಳಿದ ರಹಸ್ಯ. ರಟ್ಟಿನ ಹಿಂದೆ ‘ಎಲ್ಲ ಹಕ್ಕುಗಳನ್ನು ಕಾದಿರಿಸಲಾಗಿದೆ’. ಗೌರವಧನ ಕೈಲಾಸಕ್ಕೆ ಸಂದಾಯವಾಗುತ್ತಿದೆಯೇ ಎಂದು ಕೇಳಬಾರದು. ಶಾಂತಿ, ವಶ್ಯ, ಸ್ತಂಭನ (ಎದುರಿನವರನ್ನು ಇದ್ದಲ್ಲೇ ನಿಲ್ಲಿಸುವುದು), ವಿದ್ವೇಷಣ, ಉಚ್ಚಾಟನ, ಮಾರಣ ಎಂಬ ಷಟ್ಕರ್ಮಗಳಿಗೂ, ಅಂದರೆ ಮಾಟದ ಆರು ಬಗೆಗಳಿಗೂ, ಸಾಮಗ್ರಿ ಪಟ್ಟಿ ಇದೆ: ಸ್ಮಶಾನದ ಬೂದಿ, ಅಮಾವಾಸ್ಯೆಯ ಭಾನುವಾರ ಕಿತ್ತ ಬಿಳಿ ಎಕ್ಕದ ಬೇರು, ಗೂಬೆಯ ರೆಕ್ಕೆ. ಗೂಬೆ ಹಿಡಿಯಲು ಹೋದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ದಯೆಯಿಂದ ಶತ್ರುವಿಗಿಂತ ಮೊದಲು ನಮ್ಮದೇ ಉಚ್ಚಾಟನೆಯಾಗುತ್ತದೆ. ಕೊನೆಯ ಪುಟದಲ್ಲಿ, ‘ಗುರುಮುಖೇನ ಕಲಿಯದೆ ಪ್ರಯೋಗಿಸಿದರೆ ಪ್ರಕಾಶಕರು ಜವಾಬ್ದಾರರಲ್ಲ’. ಇಡೀ ಪುಸ್ತಕದಲ್ಲಿ ವಿಚಾರ ಮಾಡಿ ಬರೆದ ವಾಕ್ಯ ಅದೊಂದೇ. ಸ್ತಂಭನ ವಿದ್ಯೆಯನ್ನು ರಾಶಿ ಹಾಕಿಕೊಂಡು ಮಾರುವ ಮನುಷ್ಯ ತೆರವು ಕಾರ್ಯಾಚರಣೆಯ ಲಾರಿ ಕಂಡೊಡನೆ ಟಾರ್ಪಾಲು ಸುತ್ತಿಕೊಂಡು ಓಡುತ್ತಾನೆ. ಡೀಸೆಲ್ ಗಾಡಿಗೆ ಮಂತ್ರ ತಗಲುವುದಿಲ್ಲವೋ ಏನೋ.

ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಲು ಹಕ್ಕಂತೂ ಇದೆ. 1965ರ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆಗೇ ಶೇ. 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಗ್ರಂಥಾಲಯಗಳು ಪುಸ್ತಕಗಳನ್ನು ವಿಷಯವಾರು ಜೋಡಿಸಲು ಬಳಸುವ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಮಾಟಮಂತ್ರಕ್ಕೆ 133 ಎಂಬ ಸಂಖ್ಯೆಯೂ ಉಂಟು, ಅದೂ ತತ್ವಶಾಸ್ತ್ರ ಮತ್ತು ಮನಶ್ಶಾಸ್ತ್ರದ ವಿಭಾಗದಲ್ಲೇ. ಆದರೆ ವಾಚನಾಲಯದಲ್ಲಿ ಕುಳಿತವರೆಲ್ಲ ಸ್ಪರ್ಧಾತ್ಮಕ ಪರೀಕ್ಷೆಯವರು. ಫಲಿತಾಂಶ ಎಂದು ಬರುತ್ತದೆ ಎಂಬುದನ್ನು ಅಂಜನ ಹಾಕಿಯೇ ನೋಡಬೇಕಾದ ಆ ಮಕ್ಕಳಿಗೆ ಬೇರೆ ನಿಗೂಢ ವಿದ್ಯೆ ಏಕೆ?

ಒಳ್ಳೆಯ ಪುಸ್ತಕಗಳೇ ಇಲ್ಲವೆಂದಲ್ಲ. ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ 1584ರಲ್ಲೇ ಒಂದು ಬರೆದ. ಮಾಟಗಾತಿಯರೆಂದು ಹಿಡಿದು ತರುವ ಮುದುಕಿಯರು ಬಡವರು, ದಿಕ್ಕಿಲ್ಲದವರು ಎಂದ. ಹೊಟ್ಟೆಗೆ ಕತ್ತಿ ಚುಚ್ಚಿಕೊಳ್ಳುವ ಕಣ್ಕಟ್ಟುಗಳ ಗುಟ್ಟನ್ನು ಚಿತ್ರ ಸಹಿತ ಬಯಲು ಮಾಡಿದ. ಇನ್ನೊಂದು, ಮಧ್ಯ ಆಫ್ರಿಕಾದ ಅಜಾಂಡೆ ಜನರ ಬಗ್ಗೆ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1937ರಲ್ಲಿ ಪ್ರಕಟಿಸಿದ್ದು. ಅಲ್ಲಿ ಒಂದು ಕಣಜದ ಪ್ರಸಂಗ ಬರುತ್ತದೆ. ನೆರಳಿಗೆಂದು ಕಣಜದ ಕೆಳಗೆ ಕುಳಿತವರ ಮೇಲೆ ಅದು ಕುಸಿಯುತ್ತದೆ. ಕಂಬವನ್ನು ಗೆದ್ದಲು ತಿಂದಿತ್ತು ಎಂಬುದು ಅಜಾಂಡೆಗಳಿಗೆ ಚೆನ್ನಾಗಿ ಗೊತ್ತು. ಇದೇ ಜನ ಕುಳಿತಿದ್ದಾಗ, ಇದೇ ಗಳಿಗೆಯಲ್ಲಿ ಏಕೆ ಬಿತ್ತು ಎಂಬ ಉಳಿದ ಪ್ರಶ್ನೆಗೆ ಮಾತ್ರ ಅವರು ಮಾಟವನ್ನು ಕರೆಯುತ್ತಾರೆ. ಎಷ್ಟು ಶಿಸ್ತಿನ ಜನ! ನಮ್ಮಲ್ಲಿ ಹೊಸ ತಂಗುದಾಣದ ಚಾವಣಿ ಬಿದ್ದರೆ ಗೆದ್ದಲನ್ನು, ಅಂದರೆ ಗುತ್ತಿಗೆದಾರನನ್ನು, ಹುಡುಕುವ ಗೋಜಿಗೇ ಯಾರೂ ಹೋಗುವುದಿಲ್ಲ. ಈಶಾನ್ಯ ಮೂಲೆ ಸರಿಯಿರಲಿಲ್ಲ ಎನ್ನುತ್ತಾರೆ, ಪೂರ್ವಕ್ಕೆ ಬಾಗಿಲಿಟ್ಟು ಮರುಟೆಂಡರ್ ಕರೆಯುತ್ತಾರೆ. ಬಿಲ್ಲು ಮತ್ತೆ ಅದೇ ಗೆದ್ದಲಿಗೆ.

ಈ ಎರಡೂ ಇಂಗ್ಲಿಷಿನವು. ಕನ್ನಡದಲ್ಲೇ ಬೇಕೆನ್ನುವವರಿಗೆ ನನ್ನ ಶಿಫಾರಸು ಸರ್ಕಾರಿ ರಾಜ್ಯಪತ್ರ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು 2017ರಲ್ಲಿ ವಿಧಾನಮಂಡಲ ಮಾಡಿದ ಕಾಯ್ದೆಯ ಅನುಸೂಚಿಗಿಂತ ಸಮಗ್ರವಾದ ಮಾಟದ ಕೈಪಿಡಿ ನನ್ನ ಕಣ್ಣಿಗೆ ಬಿದ್ದಿಲ್ಲ. ದೆವ್ವ ಬಿಡಿಸುತ್ತೇನೆಂದು ಹಗ್ಗದಲ್ಲಿ ಕಟ್ಟಿ ಹೊಡೆಯುವುದು, ಹಾವು ಕಚ್ಚಿದವನನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು, ಕೆನ್ನೆಗೆ ಸರಳು ಚುಚ್ಚುವುದು, ಎಲ್ಲವೂ ಇದೆ, ಗೂಬೆಯ ಖರ್ಚಿಲ್ಲ. ಶೈಲಿ ಸ್ವಲ್ಪ ಬಿಗಿ, ಆದರೆ ಕಥೆಗೆ ತಿರುವುಗಳಿವೆ. ಅಂಗೀಕಾರವಾದದ್ದು 2017ರಲ್ಲಿ, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ನಡುವೆ ಎರಡು ಆಷಾಢ ಅಡ್ಡ ಬಂದವಲ್ಲ! ತಪ್ಪಿತಸ್ಥನಿಗೆ ಒಂದರಿಂದ ಏಳು ವರ್ಷ ಸೆರೆಮನೆ. ವಾಸ್ತು, ಜ್ಯೋತಿಷ್ಯದ ಸಲಹೆಗೆ ಮಾತ್ರ ವಿನಾಯಿತಿ. ಹೀಗಾಗಿ ಲಿಂಬೆಹಣ್ಣು ಕೊಯ್ದ ತಮ್ಮನಿಗೆ ಏಳು ವರ್ಷ, ಲಿಂಬೆಹಣ್ಣು ಯಾವ ದಿಕ್ಕಿಗಿಡಬೇಕೆಂದು ಹೇಳಿದ ಅಣ್ಣನಿಗೆ ಟಿ.ವಿ.ಯಲ್ಲಿ ಬೆಳಗಿನ ಒಂದು ಗಂಟೆ. ಕೊಠಡಿಯ ಬಾಗಿಲು ತಿರುಗಿಸದೆ ಕುರ್ಚಿಯಲ್ಲಿ ಕೂರದ ಮಂತ್ರಿಗಳೂ ಇರುವ ಸದನ ಇದಕ್ಕಿಂತ ಹೆಚ್ಚು ನಿಷ್ಠುರವಾಗಿ ಬರೆಯಬೇಕಿತ್ತು ಎನ್ನುವುದು ಅನ್ಯಾಯ.

ಅನುಸೂಚಿಯಲ್ಲಿ ನಿಧಿ ಶೋಧವೂ ಇದೆ. ಆ ಭಾಗವನ್ನು ಚಿತ್ರದುರ್ಗದವರು ಬಾಯಿಪಾಠ ಮಾಡುವುದು ಒಳ್ಳೆಯದು. ಪಾಳುಗುಡಿಯ ಬಸವಣ್ಣನನ್ನು ಬುಡಮೇಲು ಮಾಡುವ ಹಾರೆಗಳಿಗೆ ಆ ಸೀಮೆಯಲ್ಲಿ ರಜೆಯೇ ಇಲ್ಲ. ಅಲ್ಲಿ ನಿಜವಾಗಿ ನಿಧಿ ಸಿಕ್ಕವರೂ ಇದ್ದಾರೆ. ಪುರಾತತ್ವಜ್ಞರಾದ ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆದರು. ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳೇ ದೊರೆತವು. ವ್ಹೀಲರ್ ಅಳತೆ ಪಟ್ಟಿ ಹಿಡಿದು ಮಣ್ಣಿನ ಪದರ ಎಣಿಸಿದರು, ಕಂಡದ್ದನ್ನೆಲ್ಲ ವರದಿ ಬರೆದು ಅಚ್ಚು ಹಾಕಿಸಿದರು. ಕೋಳಿ ಕೊಯ್ದ ಉಲ್ಲೇಖ ಆ ವರದಿಯಲ್ಲಿ ಇಲ್ಲ. ನಮ್ಮ ನಿಧಿಗಳ್ಳರಿಗೆ ಅದು ರುಚಿಸದಿರುವುದಕ್ಕೆ ಕಾರಣ ಇಷ್ಟೇ ಇರಬೇಕು.

ರಾಜ್ಯಪತ್ರಕ್ಕೂ ಓದುಗರಿಲ್ಲ ಎಂದುಕೊಳ್ಳಬೇಡಿ. ವಾಚನಾಲಯದ ಮಕ್ಕಳಿಗೆ ಅದು ಒಂದು ಅಂಕದ ಪ್ರಶ್ನೆ: ಕಾಯ್ದೆ ಜಾರಿಗೆ ಬಂದ ವರ್ಷ ಯಾವುದು? ಥಟ್ಟನೆ ಹೇಳುತ್ತಾರೆ. ಪರೀಕ್ಷೆಯ ದಿನಾಂಕ ಅಮಾವಾಸ್ಯೆಗೆ ಬಿದ್ದಿದ್ದರೆ, ಮುಂದೂಡಬೇಕೆಂಬ ಮನವಿಗೂ ಅಷ್ಟೇ ಥಟ್ಟನೆ ಸಹಿ ಹಾಕುತ್ತಾರೆ.