ಸಾವನದುರ್ಗದ ಬಂಡೆ ನೆನಪಿದೆ, ಆ ಅಜ್ಜಿ ನೆನಪಿಲ್ಲ

ವರ್ಷಕ್ಕೆ ಒಂದೆರಡು ಸಲವಾದರೂ ಯಾರಾದರೂ ಸ್ನೇಹಿತರು ಅದೇ ಸುದ್ದಿಯನ್ನು ಇಲ್ಲಿ ಹಾಕುತ್ತಾರೆ. ‘ನಮ್ಮ ಸಾವನದುರ್ಗದಲ್ಲಿ ಚಿತ್ರೀಕರಣವಾದ ಆಸ್ಕರ್ ಸಿನಿಮಾ ಯಾವುದು ಗೊತ್ತೇ?’ ಕೆಳಗೆ ನೂರು ಉತ್ತರ. ರಾಮದೇವರ ಬೆಟ್ಟದ ಮಾತು ಬರುತ್ತದೆ, ಬೆಂಗಳೂರು ಅರಮನೆ ಮೈದಾನದಲ್ಲಿ ಹಾಕಿದ್ದ ಸೆಟ್ಟಿನ ಮಾತು ಬರುತ್ತದೆ, ಅಲ್ಲಿಂದ ಮಾತು ‘ಶೋಲೆ’ಗೆ ಜಾರಿ ಗಬ್ಬರ್ ಸಿಂಗ್‌ನಲ್ಲಿ ಮುಗಿಯುತ್ತದೆ. ಆಸ್ಕರ್ ಬಂದದ್ದು ಯಾರಿಗೆ ಎಂದು ಒಬ್ಬರೂ ಕೇಳುವುದಿಲ್ಲ. ಈ ಸಲ ತಾಳ್ಮೆ ಕೆಟ್ಟಿತು. ಅದಕ್ಕೇ ಈ ಉದ್ದದ ಬರಹ.

ಸಿನಿಮಾ ಬ್ರಿಟಿಷ್ ನಿರ್ದೇಶಕ ಡೇವಿಡ್ ಲೀನ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’. 1983–84ರಲ್ಲಿ ನಮ್ಮ ಕಡೆ ಚಿತ್ರೀಕರಣವಾಯಿತು. ಅದಕ್ಕೆ ಆಧಾರವಾದ ಇ. ಎಂ. ಫಾರ್ಸ್ಟರ್ ಅವರ ಕಾದಂಬರಿಯ ಮರಾಬಾರ್ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಗುಹೆಗಳಾದರೂ ಲೀನ್ ಅವರ ಕಣ್ಣಿಗೆ ಹಿಡಿಸಿದ್ದು ನಮ್ಮ ಬಂಡೆಗಳು. ಆ ಚಿತ್ರ ಹನ್ನೊಂದು ವಿಭಾಗಗಳಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡು ಎರಡನ್ನು ಗೆದ್ದಿತು. ಒಂದು ಮಾರಿಸ್ ಜಾರ್ ಅವರ ಸಂಗೀತಕ್ಕೆ. ಇನ್ನೊಂದು, ಮಿಸೆಸ್ ಮೂರ್ ಎಂಬ ಮುದುಕಿಯ ಪಾತ್ರ ಮಾಡಿದ ಪೆಗ್ಗಿ ಆಶ್‌ಕ್ರಾಫ್ಟ್ ಅವರಿಗೆ. ಅತ್ಯುತ್ತಮ ಪೋಷಕ ನಟಿ. ಆಗ ಅವರಿಗೆ 77 ವರ್ಷ. ಆ ವಿಭಾಗದಲ್ಲಿ ಅಷ್ಟು ವಯಸ್ಸಿನಲ್ಲಿ ಗೆದ್ದವರು ಇಂದಿಗೂ ಬೇರೆ ಯಾರಿಲ್ಲ.

‘ಇಳಿವಯಸ್ಸಿನಲ್ಲಿ ಒಲಿದ ಅದೃಷ್ಟ’ ಎಂದು ಎಲ್ಲೋ ಒಂದು ಸಾಲು ಓದಿದ್ದೆ. ನನಗೆ ಸಿಟ್ಟು ಬರುವುದು ಈ ಮಾತಿಗೆ. ಅದೃಷ್ಟ ಒಲಿದದ್ದು ಕ್ಯಾಮೆರಾಕ್ಕೆ, ಅದೂ ಐವತ್ತೆಂಟು ವರ್ಷ ತಡವಾಗಿ.

1907ರಲ್ಲಿ ಲಂಡನ್ನಿನ ಪಕ್ಕದ ಕ್ರಾಯ್ಡನ್‌ನಲ್ಲಿ ಹುಟ್ಟಿದ ಹುಡುಗಿ. ತಂದೆ ಮೊದಲ ಮಹಾಯುದ್ಧದಲ್ಲಿ ತೀರಿಕೊಂಡರು. 1926ರಲ್ಲಿ ಬರ್ಮಿಂಗ್‌ಹ್ಯಾಮ್ ರೆಪರ್ಟರಿಯಲ್ಲಿ ಮೊದಲ ಬಾರಿಗೆ ವೃತ್ತಿರಂಗಭೂಮಿಗೆ ಕಾಲಿಟ್ಟರು. ನಾಲ್ಕೇ ವರ್ಷಕ್ಕೆ, ಇಪ್ಪತ್ತೆರಡರ ವಯಸ್ಸಿನಲ್ಲಿ, ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ ಪಾಲ್ ರಾಬ್ಸನ್ ಅವರ ಒಥೆಲೋಗೆ ಡೆಸ್ಡಿಮೋನಾ ಆದರು. ರಾಬ್ಸನ್ ಅಮೆರಿಕದ ಕಪ್ಪು ಗಾಯಕ, ನಟ. 1930ರಲ್ಲಿ ಕಪ್ಪು ಗಂಡಸೊಬ್ಬ ಲಂಡನ್ನಿನ ರಂಗದ ಮೇಲೆ ಬಿಳಿಯ ಹುಡುಗಿಯನ್ನು ಮುತ್ತಿಡುವುದೆಂದರೆ ಏನು ಎಂದು ಊಹಿಸಿಕೊಳ್ಳಿ. ಆಶ್‌ಕ್ರಾಫ್ಟ್ ಅವರಿಗೆ ಅಸಹ್ಯದ ಪತ್ರಗಳು ಬಂದವು. ಅವರಿಗೆ ಅರ್ಥವಾಗದೇ ಹೋದದ್ದು ಇನ್ನೊಂದು: ಸವಾಯ್ ಥಿಯೇಟರಿಗೆ ಅಂಟಿಕೊಂಡೇ ಸವಾಯ್ ಹೋಟೆಲ್ ಇದೆ, ಈ ಕಡೆ ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸುವ ಮನುಷ್ಯನಿಗೆ ಗೋಡೆಯಾಚೆಯ ಊಟದ ಮನೆಯಲ್ಲಿ ಸ್ವಾಗತವಿಲ್ಲ. ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟಿಷರ ಕ್ಲಬ್ಬಿನೊಳಗೆ ಭಾರತೀಯ ವೈದ್ಯ ಅಜೀಜನಿಗೆ ಪ್ರವೇಶವಿಲ್ಲ ಎಂಬಲ್ಲಿಂದಲೇ ಆ ಸಿನಿಮಾದ ಕಥೆ ಶುರುವಾಗುವುದು. ಐವತ್ತು ವರ್ಷ ಮೊದಲೇ ಆ ಗೋಡೆಯ ಪಕ್ಕದಲ್ಲಿ ನಿಂತಿದ್ದವರು ಮಿಸೆಸ್ ಮೂರ್ ಆಗಿ ಬಂದರು ಎಂಬುದು ನನ್ನ ಮಟ್ಟಿಗೆ ಸಣ್ಣ ಸಂಗತಿಯಲ್ಲ.

1935ನೇ ಇಸವಿಯನ್ನೇ ತೆಗೆದುಕೊಳ್ಳಿ. ಆ ವರ್ಷ ಹಿಚ್‌ಕಾಕ್ ಅವರ ‘ದ 39 ಸ್ಟೆಪ್ಸ್’ ಬಂತು. ಅದರಲ್ಲಿ ಆಶ್‌ಕ್ರಾಫ್ಟ್ ಅವರದು ಸ್ಕಾಟ್ಲೆಂಡಿನ ಬಡ ರೈತನೊಬ್ಬನ ಹೆಂಡತಿಯ ಪಾತ್ರ, ಕೆಲವೇ ನಿಮಿಷ. ಪೊಲೀಸರಿಂದ ತಪ್ಪಿಸಿಕೊಂಡು ಬಂದ ನಾಯಕನಿಗೆ ಊಟ ಹಾಕುತ್ತಾಳೆ, ಪಟ್ಟಣದ ಹೆಂಗಸರು ಕಾಲುಗುರುಗಳಿಗೂ ಬಣ್ಣ ಹಚ್ಚಿಕೊಳ್ಳುವುದು ನಿಜವೇ ಎಂದು ಕೇಳುತ್ತಾಳೆ, ಕೊನೆಗೆ ಗಂಡನ ಕೋಟನ್ನು ಅವನ ಕೈಗಿತ್ತು ಹಿಂಬಾಗಿಲಿನಿಂದ ಕಳಿಸುತ್ತಾಳೆ. ಆ ಕಾಲುಗುರಿನ ಪ್ರಶ್ನೆ ಕೇಳುವಾಗಿನ ಮುಖವನ್ನು ಒಮ್ಮೆ ನೋಡಿ. ಆ ಹುಡುಗಿ ಎಂದೂ ತನ್ನ ಊರು ಗ್ಲಾಸ್ಗೋಗೆ ವಾಪಸು ಹೋಗಲಾರಳು ಎಂಬುದು ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ.

ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನ ನ್ಯೂ ಥಿಯೇಟರಿನಲ್ಲಿ ಅವರು ಜೂಲಿಯೆಟ್. ಜಾನ್ ಗೀಲ್‌ಗುಡ್ ಮತ್ತು ಲಾರೆನ್ಸ್ ಒಲಿವಿಯೇ ರೋಮಿಯೋ ಮತ್ತು ಮರ್ಕ್ಯುಶಿಯೋ ಪಾತ್ರಗಳನ್ನು ಅದಲುಬದಲು ಮಾಡಿಕೊಂಡು ಆಡಿದ ಪ್ರಸಿದ್ಧ ಪ್ರಯೋಗ ಅದು. ರೋಮಿಯೋ ಬದಲಾಗುತ್ತಿದ್ದ, ಜೂಲಿಯೆಟ್ ಬದಲಾಗಲಿಲ್ಲ. ಒಬ್ಬ ಕಾವ್ಯದ ಲಯ ಹಿಡಿದು ಮಾತಾಡುವವನು, ಇನ್ನೊಬ್ಬ ಮೈತುಂಬ ಬಿಸಿ ರಕ್ತದವನು. ಇಬ್ಬರನ್ನೂ ಒಬ್ಬಳೇ ಪ್ರೀತಿಸಬೇಕು, ಎರಡೂ ನಿಜ ಅನ್ನಿಸಬೇಕು. ಗಂಡಸರಿಬ್ಬರ ಜಿದ್ದಿನ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ನಡುವೆ ನಿಂತು ಎರಡೂ ತಕ್ಕಡಿ ಹಿಡಿದವಳ ಕಷ್ಟದ ಬಗ್ಗೆ ಬರೆದವರು ಕಡಿಮೆ.

ಆ ಜೂಲಿಯೆಟ್ ನಮಗೆ ಸಿಗುವುದಿಲ್ಲ. ಆ ಕಾಲುಗುರಿನ ಪ್ರಶ್ನೆ ಸಿಗುತ್ತದೆ. ರಂಗನಟರ ಕಥೆಯೇ ಇದು. ಚರಂಡಿಗೆ ಹೋದದ್ದು ಹಾಲು, ಪಾತ್ರೆಯಲ್ಲಿ ಉಳಿದದ್ದು ಕೆನೆಯ ಒಂದು ಗೆರೆ.

ನಡುವಿನ ವರ್ಷಗಳನ್ನು ಬೇಗ ದಾಟುತ್ತೇನೆ. ಮೂರು ಮದುವೆ, ಮೂರು ವಿಚ್ಛೇದನ, ಇಬ್ಬರು ಮಕ್ಕಳು. 1952ರಲ್ಲಿ ರಾಟಿಗನ್ ಅವರ ‘ದ ಡೀಪ್ ಬ್ಲೂ ಸೀ’. 1954ರಲ್ಲಿ ಹೆಡ್ಡಾ ಗಾಬ್ಲರ್. ಇಬ್ಸೆನ್ನನ ನಾಟಕವನ್ನು ಇಬ್ಸೆನ್ನನ ನಾಡಿಗೇ ಒಯ್ದು ಆಡಿ ನಾರ್ವೆಯ ದೊರೆಯಿಂದ ಪದಕ ಪಡೆದರು. 1956ರಲ್ಲಿ ‘ಡೇಮ್’ ಬಿರುದು. ಅದೇ ವರ್ಷ ರಾಯಲ್ ಕೋರ್ಟ್‌ನಲ್ಲಿ ಬ್ರೆಕ್ಟ್ ನಾಟಕ. ಬಿರುದು ಬಂದ ಮೇಲೆ ಹಳೆಯ ಪಾತ್ರಗಳನ್ನೇ ತಿರುವಿ ಹಾಕಿಕೊಂಡು ಇರಬಹುದಿತ್ತು. ಹಾಗೆ ಮಾಡಲಿಲ್ಲ.

1960ರಲ್ಲಿ ಪೀಟರ್ ಹಾಲ್ ಎಂಬ ಮೂವತ್ತು ತುಂಬದ ಹುಡುಗ ಸ್ಟ್ರಾಟ್‌ಫರ್ಡ್‌ನಲ್ಲಿ ಒಂದು ಖಾಯಂ ತಂಡ ಕಟ್ಟಲು ಹೊರಟ. ಮುಂದೆ ಅದೇ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಆಯಿತು. ತಾರೆಯರನ್ನು ಕರೆತಂದು ನಾಟಕ ಕಟ್ಟುವ ಬದಲು ತಂಡವನ್ನು ವರ್ಷಗಟ್ಟಲೆ ಬೆಳೆಸುವುದು ಅವನ ಯೋಚನೆ. ಮೊದಲು ಹೋಗಿ ಕೇಳಿದವರಲ್ಲಿ ಆಶ್‌ಕ್ರಾಫ್ಟ್ ಇದ್ದರು, ಅವರು ಒಪ್ಪಿದರು. ಅಂಥವರು ಸೇರಿದ್ದರಿಂದಲೇ ಉಳಿದವರಿಗೂ ಆ ಹುಡುಗನ ಮೇಲೆ ನಂಬಿಕೆ ಬಂತು. ಆ ವರ್ಷ ‘ದ ಟೇಮಿಂಗ್ ಆಫ್ ದ ಶ್ರೂ’ನಲ್ಲಿ ಪೀಟರ್ ಓಟೂಲ್ ಅವರಿಗೆ ಎದುರಾಗಿ ಕೇಟ್ ಪಾತ್ರ ಮಾಡಿದರು. ಅವರಿಗೆ ಐವತ್ತೆರಡು, ಓಟೂಲ್‌ಗೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ನಮ್ಮ ಸಿನಿಮಾದಲ್ಲಿ ಇದು ಸದಾ ತಿರುಗಾಮುರುಗಾ ಇರುತ್ತದೆ, ಆಗ ಯಾರೂ ವಯಸ್ಸು ಕೇಳುವುದಿಲ್ಲ.

ನಾನು ನಿಜವಾಗಿ ಹೇಳಬೇಕೆಂದಿರುವುದು 1963ರ ‘ದ ವಾರ್ಸ್ ಆಫ್ ದ ರೋಸಸ್’ ಬಗ್ಗೆ. ಶೇಕ್ಸ್‌ಪಿಯರನ ಆರನೆಯ ಹೆನ್ರಿಯ ಮೂರು ನಾಟಕಗಳನ್ನು ಜಾನ್ ಬಾರ್ಟನ್ ಎರಡಕ್ಕೆ ಇಳಿಸಿ, ಜೊತೆಗೆ ‘ಮೂರನೆಯ ರಿಚರ್ಡ್’ ಸೇರಿಸಿ ಮೂರು ನಾಟಕಗಳ ಒಂದು ಸರಪಳಿ ಮಾಡಿದರು. ಅದರಲ್ಲಿ ಆಶ್‌ಕ್ರಾಫ್ಟ್ ಅವರದು ರಾಣಿ ಮಾರ್ಗರೆಟ್. ಮೊದಲ ನಾಟಕದಲ್ಲಿ ಫ್ರಾನ್ಸಿನಿಂದ ಬಂದ ಎಳೆಯ ಹುಡುಗಿ. ಕೊನೆಯದರಲ್ಲಿ ಅರಮನೆಯ ಮೂಲೆಮೂಲೆಯಲ್ಲಿ ನಿಂತು ಶಾಪ ಹಾಕುವ ಮುದುಕಿ. ನಟಿಗೆ ಐವತ್ತೈದು. ಮೂರನ್ನೂ ಒಂದೇ ದಿನ ಆಡಿದ ದಿನಗಳೂ ಉಂಟು. ಬೆಳಿಗ್ಗೆ ಹುಡುಗಿ, ರಾತ್ರಿ ಹಣ್ಣು ಮುದುಕಿ.

ಪುಣ್ಯಕ್ಕೆ ಬಿಬಿಸಿ ಅದನ್ನು ಚಿತ್ರೀಕರಿಸಿ 1965ರಲ್ಲಿ ಪ್ರಸಾರ ಮಾಡಿತು. ಡಿವಿಡಿ ತರಿಸಿಕೊಂಡು ನೋಡಿದ್ದೇನೆ. ಕಪ್ಪುಬಿಳುಪು. ಯಾರ್ಕ್‌ನ ದೊರೆ ಸೆರೆಸಿಕ್ಕಿದ್ದಾನೆ. ಅವನ ಚಿಕ್ಕ ಮಗನನ್ನು ಆಗಲೇ ಕೊಂದಾಗಿದೆ. ಮಾರ್ಗರೆಟ್ ಆ ಮಗುವಿನ ರಕ್ತದಲ್ಲಿ ಅದ್ದಿದ ಬಟ್ಟೆಯನ್ನು ಅಪ್ಪನ ಕೈಗೆ ಕೊಡುತ್ತಾಳೆ, ಕಣ್ಣೀರು ಒರೆಸಿಕೋ ಎಂದು. ಆಮೇಲೆ ಅವನ ತಲೆಗೆ ಕಾಗದದ ಕಿರೀಟ ಇಡುತ್ತಾಳೆ. ಇಂಥ ದೃಶ್ಯವನ್ನು ಯಾವ ನಟಿಗೆ ಕೊಟ್ಟರೂ ಅಬ್ಬರಿಸಿಬಿಡಬಹುದು. ಇಲ್ಲಿ ಕ್ರೌರ್ಯಕ್ಕಿಂತ ಹೆಚ್ಚಾಗಿ ನನಗೆ ಕಂಡದ್ದು ಆಯಾಸ. ಹಬ್ಬದ ಕೆಲಸವನ್ನೆಲ್ಲ ಒಬ್ಬಳೇ ಮುಗಿಸಿ ಕೊನೆಯ ಪಾತ್ರೆ ತೊಳೆಯುವಾಗ ಸಿಡುಕಿ ನಗುವ ಹೆಂಗಸಿನ ಆಯಾಸ. ಅದು ಹೆಚ್ಚು ಹೆದರಿಸುತ್ತದೆ.

1975ರಲ್ಲಿ, ಅರವತ್ತೇಳರಲ್ಲಿ, ಬೆಕೆಟ್ ಅವರ ‘ಹ್ಯಾಪಿ ಡೇಸ್’. ಮೊದಲ ಅಂಕದಲ್ಲಿ ಸೊಂಟದವರೆಗೆ, ಎರಡನೆಯದರಲ್ಲಿ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತುಹೋದ ಹೆಂಗಸು. ಎರಡನೆಯ ಅಂಕದಲ್ಲಿ ಕೈಯನ್ನೂ ಆಡಿಸುವಂತಿಲ್ಲ. ಇಷ್ಟೆಲ್ಲ ಆದಮೇಲೆ ಲೀನ್ ಕರೆ ಬಂದದ್ದು. ‘ನನಗೆ ಎಪ್ಪತ್ತೈದಾಯಿತು’ ಎಂದು ಇವರೆಂದರೆ, ‘ನನಗೂ ಅಷ್ಟೇ’ ಎಂದರಂತೆ ಅವರು.

ಭಾರತ ಅವರಿಗೆ ಹೊಸದೇನಲ್ಲ. ಜೇಮ್ಸ್ ಐವರಿ ಅವರ ಒಂದು ಪುಟ್ಟ ಚಿತ್ರಕ್ಕಾಗಿ ಜೋಧಪುರಕ್ಕೆ ಮೊದಲೇ ಬಂದಿದ್ದರು. 1984ರಲ್ಲೇ ‘ದ ಜ್ಯುವೆಲ್ ಇನ್ ದ ಕ್ರೌನ್’ ಎಂಬ ಟಿವಿ ಧಾರಾವಾಹಿ ಬ್ರಿಟನ್ನಿನಲ್ಲಿ ಪ್ರಸಾರವಾಯಿತು. ಅದರಲ್ಲಿ ಅವರು ಬಾರ್ಬಿ ಬ್ಯಾಚಲರ್, ನಿವೃತ್ತ ಮಿಷನರಿ ಶಾಲೆಯ ಮೇಡಂ. ಯಾರಿಗೂ ಬೇಡದ ಹೆಂಗಸು. ಅದಕ್ಕೇ ಸಿಕ್ಕವರ ಹತ್ತಿರವೆಲ್ಲ ಬಡಬಡನೆ ಮಾತಾಡುತ್ತಲೇ ಇರುತ್ತಾಳೆ. ಒಂದು ಟ್ರಂಕಿನಲ್ಲಿ ಅವಳ ಇಡೀ ಬದುಕಿದೆ, ಅದನ್ನಿಡಲು ಮೂರಡಿ ಜಾಗ ಕೊಡುವವರಿಲ್ಲ. ಕೊನೆಗೆ ಇಳಿಜಾರಿನಲ್ಲಿ ಟಾಂಗಾ ಉರುಳಿ ಅವಳು ಆಸ್ಪತ್ರೆ ಸೇರುತ್ತಾಳೆ. ಅಲ್ಲಿಂದ ಮಾತೇ ಇಲ್ಲ. ಏನಿದ್ದರೂ ಕಾಗದದ ಮೇಲೆ ಬರೆದು ತೋರಿಸುತ್ತಾಳೆ. ಐವತ್ತು ವರ್ಷ ಧ್ವನಿಯಿಂದಲೇ ಹೆಸರಾದ ನಟಿ ಧ್ವನಿಯನ್ನು ಕಳಚಿಟ್ಟು ಕಿಟಕಿಯಾಚೆ ನೋಡುತ್ತ ಕೂರುತ್ತಾರೆ. ನನ್ನ ಲೆಕ್ಕದಲ್ಲಿ ಅವರ ತೆರೆಯ ಕೆಲಸದಲ್ಲಿ ಇದೇ ಮೊದಲನೆಯದು, ಮಿಸೆಸ್ ಮೂರ್ ಎರಡನೆಯದು. ಜಗಳಕ್ಕೆ ಬರುವವರು ಬನ್ನಿ.

ಇನ್ನು ಲೀನ್ ಚಿತ್ರ. ಅದನ್ನು ಕಣ್ಣುಮುಚ್ಚಿ ಹೊಗಳುವವನು ನಾನಲ್ಲ. ಅಲೆಕ್ ಗಿನ್ನಿಸ್ ಅವರಂಥ ದೊಡ್ಡ ನಟನ ಮುಖಕ್ಕೆ ಬಣ್ಣ ಬಳಿದು ಗೋಡಬೋಲೆ ಎಂಬ ಹಿಂದೂ ಪ್ರೊಫೆಸರ್ ಮಾಡಿದ್ದು ಇಂದು ನೋಡಲು ಮುಜುಗರ. ಆ ಪಾತ್ರಕ್ಕೆ ನಮ್ಮಲ್ಲಿ ಒಬ್ಬ ನಟ ಸಿಗಲಿಲ್ಲವೇ? ಅದೇ ಚಿತ್ರದಲ್ಲಿ ವಿಕ್ಟರ್ ಬ್ಯಾನರ್ಜಿ, ರೋಷನ್ ಸೇಠ್, ಸಯೀದ್ ಜಾಫ್ರಿ ಕಣ್ಣೆದುರೇ ಇದ್ದರಲ್ಲ. ಹಾಗೆಯೇ, ಲೀನ್‌ಗಿಂತ ಎಷ್ಟೋ ಮುಂಚೆ ಈ ಕಾದಂಬರಿಯನ್ನು ರಂಗಕ್ಕೆ ತಂದವರು ಬೆನೆಗಲ್ ಮನೆತನದ ಸಾಂತಾ ರಾಮರಾವ್. ಆ ಹೆಸರನ್ನೂ ನಾವು ಮರೆತಿದ್ದೇವೆ.

ಆದರೂ ಆ ಮಸೀದಿಯ ದೃಶ್ಯವಿದೆಯಲ್ಲ. ಬೆಳದಿಂಗಳು, ಪಾಳು ಮಸೀದಿ. ಬಿಳಿ ಹೆಂಗಸೊಬ್ಬಳು ಒಳಗಿರುವುದನ್ನು ಕಂಡು ಅಜೀಜ್ ರೇಗುತ್ತಾನೆ, ಚಪ್ಪಲಿ ಬಿಡಬೇಕಿತ್ತು ಎನ್ನುತ್ತಾನೆ. ಬಿಟ್ಟಿದ್ದೇನೆ ಎನ್ನುತ್ತಾಳೆ. ಯಾರೂ ನೋಡದಿದ್ದರೂ ಬಿಟ್ಟೆಯಾ ಎಂಬ ಬೆರಗು ಅವನಿಗೆ. ದೇವರು ಇಲ್ಲಿದ್ದಾನಲ್ಲ ಎಂಬ ಉತ್ತರ ಅವಳದು. ಬರೆದರೆ ಉಪದೇಶದಂತಿದೆ. ಆಶ್‌ಕ್ರಾಫ್ಟ್ ಹೇಳುವಾಗ ಅದು ಉಪದೇಶವಲ್ಲ, ಅಡುಗೆಮನೆಯಲ್ಲಿ ಹಾಲು ಉಕ್ಕುತ್ತಿದೆ ನೋಡು ಎಂದಷ್ಟು ಸಹಜವಾದ ಮಾತು. ಅದಾದ ಮೇಲೆ ಅಜೀಜ್ ತನ್ನ ಕಷ್ಟಸುಖ ಹೇಳಿಕೊಳ್ಳುವಾಗ ಅವರು ಮಾಡುವುದು ಒಂದೇ ಕೆಲಸ: ಕೇಳುವುದು. ಎದುರಿನವನ ಮಾತು ಮುಗಿಯಲೆಂದು ಕಾಯುವ ನಟರನ್ನು ಬೇಕಾದಷ್ಟು ನೋಡಿದ್ದೇವೆ. ಇವರು ಕಾಯುತ್ತಿಲ್ಲ. ಐವತ್ತು ವರ್ಷ ತಂಡದಲ್ಲಿ ನಿಂತು ಕಲಿತದ್ದು ಅದು, ಒಂದು ಸಿನಿಮಾದ ಸೆಟ್ಟಿನಲ್ಲಿ ಬರುವಂಥದ್ದಲ್ಲ.

ಪ್ರಶಸ್ತಿಯ ರಾತ್ರಿ ಅವರು ಅಮೆರಿಕಕ್ಕೆ ಹೋಗಲಿಲ್ಲ. ಅವರ ಪರವಾಗಿ ಅದನ್ನು ಪಡೆದವರು ಆ್ಯಂಜೆಲಾ ಲ್ಯಾನ್ಸ್‌ಬರಿ. 1991ರ ಜೂನ್‌ನಲ್ಲಿ, 83ನೇ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ತೀರಿಕೊಂಡರು. ಕ್ರಾಯ್ಡನ್‌ನಲ್ಲಿ ಅವರ ಹೆಸರಿನ ಒಂದು ರಂಗಮಂದಿರವಿದೆ, ಅವರಿದ್ದಾಗಲೇ ಕಟ್ಟಿದ್ದು.

ಹೋದ ವಾರ ಅಮ್ಮನ ಜೊತೆ ಕೂತು ಮತ್ತೆ ನೋಡಿದೆ. ಅಮ್ಮನಿಗೆ ಎಪ್ಪತ್ತಾರು, ಇಂಗ್ಲಿಷ್ ಅಷ್ಟಕ್ಕಷ್ಟೇ. ಸಾವನದುರ್ಗ ಬಂದಾಗ, ನೋಡಮ್ಮ, ಇದು ನಮ್ಮ ಮಾಗಡಿ ಕಡೆಯದೇ ಬಂಡೆ ಎಂದು ತೋರಿಸಿದೆ. ಅಮ್ಮ ಬಂಡೆ ನೋಡಲಿಲ್ಲ. ಗುಹೆಯೊಳಗೆ ಉಸಿರು ಕಟ್ಟಿ, ಜನರ ನಡುವೆ ನುಗ್ಗಿಕೊಂಡು ಹೊರಗೆ ಬಂದು ಬಿಸಿಲಿನಲ್ಲಿ ಕುಸಿದು ಕೂತ ಮಿಸೆಸ್ ಮೂರ್ ಅವರನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, ‘ಆ ವಯಸ್ಸಿನವರನ್ನು ಇಷ್ಟು ಬಿಸಿಲಿನಲ್ಲಿ ಬೆಟ್ಟ ಹತ್ತಿಸಿದ್ದಾರಲ್ಲೋ, ಕುಡಿಯಲು ನೀರಾದರೂ ಕೊಟ್ಟರೇನೋ?’ ಎಂದರು.