ಈಲಿಯಲ್ಲಿ ಎಂಜಿನ್ ಸದ್ದು ನಿಂತಾಗ

ಹೋದ ಬೇಸಿಗೆಯಲ್ಲಿ ಅಮ್ಮ ಇಂಗ್ಲೆಂಡಿನ ನಾರ್ವಿಚ್‌ಗೆ ಬಂದಿದ್ದರು. ಒಂದು ದಿನ ಕೇಂಬ್ರಿಡ್ಜ್ ತೋರಿಸೋಣ ಅಂತ ರೈಲಿನಲ್ಲಿ ಹೊರಟೆವು. ಅವರಿಗೆ ಮಂಡಿನೋವು. ನಮ್ಮ ಅರಸೀಕೆರೆ ಕಡೆಯ ಸಣ್ಣ ಸ್ಟೇಷನ್‌ಗಳಲ್ಲಿ ಪ್ಲಾಟ್‌ಫಾರ್ಮ್ ತಗ್ಗು, ಬೋಗಿ ಎತ್ತರ; ಕಂಬಿ ಹಿಡಿದು, ಯಾರಾದರೂ ಕೈ ಕೊಟ್ಟರೇ ಹತ್ತುವುದು. ಇಲ್ಲಿ ಬಾಗಿಲ ಕೆಳಗಿನಿಂದ ಹಲಗೆಯೊಂದು ಹೊರಚಾಚಿ ಸಂದು ಮುಚ್ಚಿತು. ಅಮ್ಮ ಮನೆಯ ಹೊಸ್ತಿಲು ದಾಟಿದ ಹಾಗೆ ಒಳಗೆ ನಡೆದರು. ನನಗೆ ಅಷ್ಟೇ ಸಾಕಾಗಿತ್ತು.

ಥೆಟ್‌ಫರ್ಡ್, ಬ್ರಾಂಡನ್ ದಾಟಿ ಈಲಿವರೆಗೆ ಸುಮಾರು 85 ಕಿಲೋಮೀಟರ್ ಡೀಸೆಲ್ ಓಟ. ಚಪ್ಪಟೆ ಬಯಲಿನಲ್ಲಿ ದೂರದಿಂದಲೇ ಅಲ್ಲಿನ ಕೆಥೆಡ್ರಲ್ ಗೋಪುರ ಕಾಣುತ್ತದೆ. ಈಲಿಯಲ್ಲಿ ನಿಂತಾಗ ಗುಂಯ್‌ಗುಟ್ಟುತ್ತಿದ್ದ ಸದ್ದು ಅಡಗಿತು. "ಯಾಕೋ, ಗಾಡಿ ಕೆಟ್ಟೋಯ್ತಾ?" ಅಂದರು ಅಮ್ಮ. ಮೇಲಿನ ಕರೆಂಟ್ ತಂತಿ ತೋರಿಸಿದೆ. ತಂತಿಯಿಂದ ಕರೆಂಟ್ ಪಡೆಯುವ ಚಾವಣಿ ಮೇಲಿನ ತೋಳು, ಅಂದರೆ ಪ್ಯಾಂಟೋಗ್ರಾಫ್, ಎದ್ದಿತ್ತು; ಮುಂದಿನ ದಾರಿಯೆಲ್ಲ 25,000 ವೋಲ್ಟ್ ವಿದ್ಯುತ್ತಿನದು.

ಸ್ವಿಟ್ಜರ್‌ಲೆಂಡಿನ ಸ್ಟ್ಯಾಡ್ಲರ್ ಕಂಪನಿಯ ಡೀಸೆಲ್, ಕರೆಂಟು ಎರಡರಲ್ಲೂ ಓಡುವ ಈ 'ಕ್ಲಾಸ್ 755' ರೈಲುಗಳು ಇಲ್ಲಿ ಓಡಲು ಶುರುವಾದದ್ದು 2019ರಲ್ಲಿ. ಒಟ್ಟು 38 ರೈಲು. ಎಂಜಿನ್‌ಗಳಿಗೆಂದೇ ನಡುವೆ ಒಂದು ಪುಟ್ಟ ಬೋಗಿ ಇದೆ, ಅದರೊಳಗಿನ ಇಕ್ಕಟ್ಟಾದ ಓಣಿಯಲ್ಲೇ ಆಚೀಚೆ ಹೋಗಬೇಕು. ಹಳೆಯ ಡೀಸೆಲ್ ರೈಲುಗಳಲ್ಲಿ ಎಂಜಿನ್ ಇದ್ದದ್ದು ಕಾಲಡಿಯಲ್ಲೇ. ಅದುರಾಟ ಸೀಟಿಗೇ ಬರುತ್ತಿತ್ತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಇವು ಶೆರಿಂಗಮ್, ಲೋಸ್ಟಾಫ್ಟ್, ಸಡ್‌ಬರಿಯಂಥ ಕವಲು ದಾರಿಗಳಿಗೂ ಬಂದದ್ದು. ಪೇಟೆಯವರು ಬಳಸಿ ಬಿಟ್ಟ ಗಾಡಿ ಹಳ್ಳಿಗೆ ಅನ್ನುವುದು ಎಲ್ಲ ದೇಶದಲ್ಲೂ ಇರುವ ರೂಢಿ. ಇಲ್ಲಿ ಅದು ಮುರಿಯಿತು. ಸಡ್‌ಬರಿಯ ಪುಟ್ಟ ಸ್ಟೇಷನ್ನಿಗೂ ಹೊಚ್ಚ ಹೊಸ ರೈಲು!

ವಾಪಸ್ ಬರುವಾಗ ಈಲಿ ಬಿಟ್ಟಮೇಲೆ ಮತ್ತೆ ಎಂಜಿನ್ ಸದ್ದು. "ನಮ್ಮ ಅರಸೀಕೆರೆ ಲೈನಿಗೇ ತಂತಿ ಎಳೆದಿದ್ದಾರೆ, ಇವರಿಗೇನು ಕಷ್ಟ?" ಅಂದರು ಅಮ್ಮ. ಆ ಪ್ರಶ್ನೆಗೆ ನನ್ನಲ್ಲಿ ಸಮಾಧಾನದ ಉತ್ತರ ಇರಲಿಲ್ಲ.

ಬ್ರಿಟನ್ನಿನ ರೈಲು ದಾರಿಯಲ್ಲಿ ವಿದ್ಯುತ್ತು ಬಂದಿರುವುದು ಐದರಲ್ಲಿ ಸುಮಾರು ಎರಡು ಪಾಲಿಗೆ. 2017ರ ಜುಲೈಯಲ್ಲಿ ಸಾರಿಗೆ ಸಚಿವ ಕ್ರಿಸ್ ಗ್ರೇಲಿಂಗ್ ವೇಲ್ಸ್ ಪ್ರಾಂತ್ಯದ ಕಾರ್ಡಿಫ್‌ನಿಂದ ಸ್ವಾನ್ಸಿಗೆ ತಂತಿ ಎಳೆಯುವ ಯೋಜನೆ ಕೈಬಿಟ್ಟರು. ಎರಡೂ ಬಗೆಯಲ್ಲಿ ಓಡುವ ರೈಲು ಇದೆಯಲ್ಲ, ತಂತಿ ಯಾಕೆ ಅನ್ನುವುದು ಆಗಿನ ವಾದ. ಸ್ವಾನ್ಸಿಗೆ ಹೋಗುವ ರೈಲು ಇವತ್ತಿಗೂ ಕಾರ್ಡಿಫ್ ದಾಟಿದ ಮೇಲೆ ಡೀಸೆಲ್ ಸುಡುತ್ತದೆ. ಅಂಥ ರೈಲು ತಂತಿಯ ಕೆಳಗೆ ಓಡುವಾಗಲೂ ಎಂಜಿನ್, ಇಂಧನದ ಭಾರವನ್ನೆಲ್ಲ ಹೊತ್ತೇ ಹೋಗಬೇಕು. ತಂತಿ ಬರುವತನಕ ದಾರಿ ಸವೆಸಲು ಬಂದ ಗಾಡಿಯನ್ನೇ ತಂತಿ ತಪ್ಪಿಸುವ ನೆಪ ಮಾಡಿಕೊಂಡದ್ದು ನನಗೆ ಸಿಟ್ಟು ತರಿಸುತ್ತದೆ.

ಕಾರ್ಡಿಫ್ ಸುತ್ತಲಿನ ಕಣಿವೆಗಳಲ್ಲೇ ಇದಕ್ಕೊಂದು ದಾರಿ ಕಾಣುತ್ತಿದೆ. 2024ರಲ್ಲಿ ಅಲ್ಲಿ ಓಡತೊಡಗಿದ 'ಕ್ಲಾಸ್ 756' ಇದೇ ರೈಲಿನ ತಮ್ಮ. ಎಂಜಿನ್ ಬೋಗಿಯಲ್ಲಿ ಹೆಚ್ಚಿನ ಜಾಗ ಬ್ಯಾಟರಿಗೆ. ಸೇತುವೆ, ಸುರಂಗದಂಥ ಕಷ್ಟದ ಜಾಗ ಬಿಟ್ಟು ಉಳಿದಲ್ಲಿ ತಂತಿ ಎಳೆದರೆ ಸಾಕು, ನಡುವಿನ ತುಂಡುಗಳನ್ನು ಬ್ಯಾಟರಿ ದಾಟಿಸುತ್ತದೆ. ನಾರ್ವಿಚ್‌ನಿಂದ ಈಲಿಗೂ ಹೀಗೇ ತುಂಡು ತುಂಡಾಗಿಯಾದರೂ ತಂತಿ ಬರಲಿ. ನಮ್ಮ ಎಂಪಿಗೆ ಪತ್ರ ಬರೆದಿದ್ದೇನೆ. ಈ ಲೈನಿನಲ್ಲಿ ಓಡಾಡುವ ಕನ್ನಡದ ಗೆಳೆಯರು ನೀವೂ ಬರೆಯಿರಿ.