ವ್ಯಕ್ತಿತ್ವ ವಿಕಸನದ ಬೋಧಕರು ತಮ್ಮ ಮಾತಿಗೆ ಹೊಣೆ ಹೊರಬೇಕೇ?

ಪರ: ಹಣ ಪಡೆದವರು ಹೊಣೆಯನ್ನೂ ಹೊರಲಿ

ಭಾವ ತೀರಿಕೊಂಡ ಆರನೆಯ ತಿಂಗಳಲ್ಲಿ ನನ್ನ ಅಕ್ಕ, ಇನ್‌ಸ್ಟಾಗ್ರಾಮ್‌ನಲ್ಲಿ ಕಂಡ ಬೋಧಕರೊಬ್ಬರ 21 ದಿನಗಳ ಶಿಬಿರಕ್ಕೆ 18,000 ರೂಪಾಯಿ ಕಟ್ಟಿದಳು. ಆಕೆಯ ನೋಟ್‌ಬುಕ್ ಈಗಲೂ ನನ್ನ ಬಳಿ ಇದೆ. ಪುಟಪುಟದಲ್ಲೂ 'ನಾನು ಸಂತೋಷವಾಗಿದ್ದೇನೆ' ಎಂಬ ಸಾಲು 21 ಬಾರಿ. ಹದಿಮೂರನೆಯ ದಿನದ ಪುಟದಲ್ಲಿ ಬರವಣಿಗೆ ಒಂಬತ್ತನೆಯ ಸಾಲಿಗೆ ನಿಂತಿದೆ. ರಾತ್ರಿ ನಿದ್ದೆ ಬರುತ್ತಿಲ್ಲವೆಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಹೇಳಿಕೊಂಡದ್ದಕ್ಕೆ, ಉಳಿದವರಿಗೆ ನೆಗೆಟಿವ್ ಎನರ್ಜಿ ಹರಡುತ್ತಿದ್ದೀರಿ ಎಂದು ಆಕೆಯನ್ನು ಹೊರಹಾಕಿದರು. ಹಣ ವಾಪಸು ಕೇಳಿದಾಗ, ನಿಮ್ಮ ನಂಬಿಕೆಯೇ ಸಾಲದು ಎಂದರು. ಫಲಿಸಿದರೆ ಬೋಧಕರ ವಿದ್ಯೆ, ಫಲಿಸದಿದ್ದರೆ ಕಲಿತವರ ತಪ್ಪು ಎನ್ನುವ ಈ ಲೆಕ್ಕವನ್ನು ಮನೆ ಕಟ್ಟುವ ಮೇಸ್ತ್ರಿ ಹೇಳಿದರೆ ನಾವು ಒಪ್ಪುತ್ತೇವೆಯೇ?

ಅಮೆರಿಕದ ಅರಿಜೋನಾದಲ್ಲಿ 2009ರಲ್ಲಿ ಜೇಮ್ಸ್ ಆರ್ಥರ್ ರೇ ಎಂಬ ಬೋಧಕ, ಕಾದ ಕಲ್ಲುಗಳನ್ನಿಟ್ಟ ಮುಚ್ಚಿದ ಗುಡಾರದೊಳಗೆ ಶಿಬಿರಾರ್ಥಿಗಳನ್ನು ಕೂರಿಸಿ ತಾಳಿಕೊಳ್ಳಿ ಎಂದು ಹುರಿದುಂಬಿಸಿದ, ಮೂವರು ಸತ್ತರು. ನಿರ್ಲಕ್ಷ್ಯದಿಂದಾದ ಸಾವಿಗಾಗಿ 2011ರಲ್ಲಿ ಆತನಿಗೆ ಎರಡು ವರ್ಷಗಳ ಸೆರೆವಾಸವಾಯಿತು. ನಾವು ಸಾವಿನವರೆಗೆ ಕಾಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಆರೋಗ್ಯ ತಜ್ಞರಂತೆ ಕಾಣಿಸಿಕೊಳ್ಳುವ ಇನ್‌ಫ್ಲುಯೆನ್ಸರ್‌ಗಳು, ತಮ್ಮ ಮಾತು ವೈದ್ಯರ ಸಲಹೆಗೆ ಬದಲಿಯಲ್ಲವೆಂದು ಸ್ಪಷ್ಟಪಡಿಸಬೇಕೆಂದು ಕೇಂದ್ರ ಸರ್ಕಾರ 2023ರಲ್ಲೇ ಸೂಚಿಸಿದೆ. ದುಃಖವನ್ನೇ ದೋಷವೆಂದು ಕರೆದು ಅದಕ್ಕೆ ಮದ್ದು ಮಾರುವವರಿಗೂ ಇವನ್ನು ಬಿಗಿಯಾಗಿ ಅನ್ವಯಿಸಬೇಕು.

ವಿರೋಧ: ಧೈರ್ಯ ಹೇಳುವುದು ಅಪರಾಧವಲ್ಲ

ಈ ಪಕ್ಷದಲ್ಲಿ ಬರೆಯಲು ನನ್ನನ್ನು ಕೇಳಿಕೊಂಡರು. ಮೋಸದಿಂದ ಹಣ ಪಡೆದವರನ್ನು ನಾನು ಸಮರ್ಥಿಸುವುದಿಲ್ಲ. ಆದರೆ 'ಎಲ್ಲ ಸರಿಹೋಗುತ್ತದೆ, ಧೈರ್ಯವಾಗಿರು' ಎಂದವರನ್ನೆಲ್ಲ ಕಟಕಟೆಯಲ್ಲಿ ನಿಲ್ಲಿಸಲು ಹೊರಟರೆ, ನಾಳೆ ಮನೆಯ ಅಜ್ಜಿಯೂ ಪ್ರಮಾಣಪತ್ರ ತೋರಿಸಬೇಕಾದೀತು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮಾನಸಿಕ ತೊಂದರೆ ಇರುವವರಲ್ಲಿ ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಅಂಥವರಿಗೆ ಕೈಗೆಟುಕುವುದು ಮೊಬೈಲೊಂದೇ.

ಪಿಯುಸಿಯಲ್ಲಿ ಎರಡು ವಿಷಯಗಳಲ್ಲಿ ಫೇಲಾದ ವರ್ಷ ನಾನೂ ಊರಿನ ಕೆರೆ ಏರಿಯ ಮೇಲೆ ಒಬ್ಬನೇ ಕುಳಿತು ಅರ್ಧ ಗಂಟೆಯ ಭಾಷಣವೊಂದನ್ನು ಕೇಳಿ, ಸಂಜೆ ಮನೆಗೆ ಬಂದು, ಪೂರಕ ಪರೀಕ್ಷೆಗೆ ಕಟ್ಟುತ್ತೇನೆ ಎಂದು ಅಪ್ಪನಿಗೆ ಹೇಳಿದೆ. ಆ ಭಾಷಣಕಾರರಿಗೆ ಮನಃಶಾಸ್ತ್ರದ ಪದವಿ ಇತ್ತೋ ಇಲ್ಲವೋ, ಅವರು ದಂಡಕ್ಕೆ ಹೆದರಿ ಸುಮ್ಮನಿದ್ದಿದ್ದರೆ ಅಂದು ನನಗೆ ಬೇರೆ ಯಾರೂ ಇರಲಿಲ್ಲ. ಶಿಬಿರದ ಹಣ ಮರಳಿಸುವ ನಿಯಮ ಬರಲಿ, ಅದಕ್ಕೆ ನನ್ನ ತಕರಾರಿಲ್ಲ. ಉಚಿತವಾಗಿ ಆಡಿದ ಸಮಾಧಾನದ ಮಾತಿಗೂ ಅರ್ಹತೆ ಕೇಳುವುದನ್ನು ಮಾತ್ರ ನಾನು ಒಪ್ಪಲಾರೆ.